ಕಾಣದ್ದನ್ನು ನಂಬುವ ಹೊಣೆ: ಸುದ್ದಿಯ ರಚನೆ ಮತ್ತು ಆಪ್ತವಾಕ್ಯದ ಪ್ರಶ್ನೆ

ಮನುಷ್ಯನ ತಿಳಿವಳಿಕೆಯಲ್ಲಿ ಅವನು ಕಣ್ಣಾರೆ ಕಂಡದ್ದರ ಪಾಲು ಬಹಳ ಚಿಕ್ಕದು. ದೂರದ ಊರಿನ ನೆರೆ, ಶಾಸನಸಭೆ ಒಪ್ಪಿದ ಮಸೂದೆ, ನ್ಯಾಯಾಲಯ ಕೊಟ್ಟ ತೀರ್ಪು, ಬೇರೊಂದು ಖಂಡದಲ್ಲಿ ನಡೆಯುತ್ತಿರುವ ಯುದ್ಧ, ಇವೆಲ್ಲ ಅವನಿಗೆ ಇನ್ನೊಬ್ಬರ ಮಾತಿನ ಮೂಲಕವೇ ತಿಳಿಯುತ್ತವೆ. ಆ ಮಾತನ್ನು ಆಧಾರವಾಗಿಟ್ಟುಕೊಂಡೇ ಅವನು ಮತ ಹಾಕುತ್ತಾನೆ, ಸಿಟ್ಟಾಗುತ್ತಾನೆ, ನೆರವು ಕಳುಹಿಸುತ್ತಾನೆ, ಪಕ್ಕದ ಮನೆಯವನನ್ನು ಅನುಮಾನಿಸುತ್ತಾನೆ. ಹೀಗಿರುವಾಗ, ಕಾಣದ ಘಟನೆಯೊಂದನ್ನು ವರದಿಯ ಬಲದಿಂದ ನಂಬುವುದಕ್ಕೆ ಏನು ಆಧಾರ, ಆ ನಂಬಿಕೆಯನ್ನು ಜ್ಞಾನವೆಂದು ಕರೆಯಬಹುದೇ, ಇಲ್ಲವೇ ಅದು ಬರಿಯ ರೂಢಿಯೇ ಎಂಬ ಪ್ರಶ್ನೆ ಪತ್ರಿಕೋದ್ಯಮದ ಪಠ್ಯಪುಸ್ತಕಕ್ಕಿಂತ ಮೊದಲು ತತ್ತ್ವಶಾಸ್ತ್ರಕ್ಕೆ ಸೇರಿದ್ದು. ಸರಿಯಾದ ತಿಳಿವಳಿಕೆಯನ್ನು ಹುಟ್ಟಿಸುವ ಸಾಧನಕ್ಕೆ ಭಾರತೀಯ ದರ್ಶನಗಳು ಪ್ರಮಾಣ ಎಂದು ಹೆಸರಿಟ್ಟಿವೆ. ಕಣ್ಣು ಕಿವಿಗಳಿಂದ ನೇರವಾಗಿ ಬರುವುದು ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು ಅನುಮಾನ, ಇನ್ನೊಬ್ಬರ ಮಾತಿನಿಂದ ತಿಳಿಯುವುದು ಶಬ್ದ. ಪತ್ರಿಕೆಯ ಓದುಗನ ಸ್ಥಿತಿ ಈ ಮೂರನೆಯದರ ಮೇಲೆ ನಿಂತಿದೆ.

ಸುದ್ದಿಬರಹದ ರಚನೆಯನ್ನು ಸಾಮಾನ್ಯವಾಗಿ ಕಸುಬಿನ ಕೌಶಲವೆಂದು ಕಲಿಸಲಾಗುತ್ತದೆ: ಮುಖ್ಯವಾದದ್ದು ಮೊದಲು ಬರಬೇಕು, ವಾಕ್ಯ ಚಿಕ್ಕದಿರಬೇಕು, ಹೇಳಿದವರ ಹೆಸರಿರಬೇಕು, ಬರೆಯುವವನ ಅಭಿಪ್ರಾಯ ಒಳಗೆ ನುಸುಳಬಾರದು. ಈ ನಿಯಮಗಳ ಹಿಂದೆ ಒಂದು ನೈತಿಕ ಒಪ್ಪಂದವಿದೆ. ವರದಿ, ಸಂದರ್ಶನ, ನುಡಿಚಿತ್ರ, ವಿಶ್ಲೇಷಣೆ, ಸಂಪಾದಕೀಯ, ಅಂಕಣ ಎಂಬ ಒಂದೊಂದು ಪ್ರಕಾರವೂ ತಾನು ಕೊಡುತ್ತಿರುವ ತಿಳಿವಳಿಕೆ ಎಲ್ಲಿಂದ ಬಂತು, ಯಾವ ಬಗೆಯದು, ಎಷ್ಟರಮಟ್ಟಿಗೆ ಗಟ್ಟಿ ಎಂಬುದರ ಬಗ್ಗೆ ಓದುಗನಿಗೆ ಕೊಡುವ ಮಾತಾಗಿದೆ. ಆ ಮಾತು ಉಳಿಯುವವರೆಗೆ ಕಾಣದ್ದನ್ನು ನಂಬುವುದು ನ್ಯಾಯವಾದ ನಡೆ. ಪ್ರಕಾರಗಳ ಗಡಿಯನ್ನು ಓದುಗನಿಗೆ ತಿಳಿಸದೆ ಅಳಿಸಿದಾಗ, ಅಚ್ಚಾದ ಪ್ರತಿಯೊಂದು ವಾಕ್ಯವೂ ನಿಜವಾಗಿದ್ದರೂ, ಆ ನಂಬಿಕೆಗೆ ದ್ರೋಹವಾಗುತ್ತದೆ.

ಆಪ್ತನ ಲಕ್ಷಣ

ಶಬ್ದವನ್ನು ಸ್ವತಂತ್ರ ಪ್ರಮಾಣವೆಂದು ಎಲ್ಲ ದರ್ಶನಗಳೂ ಒಪ್ಪಿಲ್ಲ. ದಿಙ್ನಾಗನ ಪರಂಪರೆಯ ಬೌದ್ಧ ತಾರ್ಕಿಕರು ಪ್ರತ್ಯಕ್ಷ ಮತ್ತು ಅನುಮಾನಗಳೆರಡನ್ನೇ ಪ್ರಮಾಣವೆಂದು ಹಿಡಿದು, ಮಾತಿನಿಂದ ಬರುವ ತಿಳಿವಳಿಕೆಯನ್ನು ಅನುಮಾನದೊಳಗೆ ಸೇರಿಸಿದರು. ವೈಶೇಷಿಕರ ನಿಲುವೂ ಇದೇ. ಆದರೆ ನೈಯಾಯಿಕರು ಶಬ್ದಕ್ಕೆ ತನ್ನದೇ ಸ್ಥಾನವಿದೆಯೆಂದು ವಾದಿಸಿ, ಆಪ್ತನಾದವನ ಉಪದೇಶವೇ ಶಬ್ದಪ್ರಮಾಣವೆಂದರು. ಆಪ್ತನೆಂದರೆ ಯಾರು ಎಂಬುದಕ್ಕೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಕೊಡುವ ವಿವರಣೆ ಇಂದಿನ ವರದಿಗಾರನಿಗೂ ಹೊಂದುವಷ್ಟು ಸ್ಪಷ್ಟವಾಗಿದೆ: ವಿಷಯವನ್ನು ತಾನೇ ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆ ಇರಬೇಕು, ಆ ಇಚ್ಛೆಯಿಂದಲೇ ಅವನು ಮಾತಿಗೆ ತೊಡಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅದೇ ಭಾಷ್ಯ ಸೇರಿಸುತ್ತದೆ. ಮಾತಿನ ಅಧಿಕಾರ ಹುಟ್ಟಿನಿಂದ, ಪದವಿಯಿಂದ, ಪಾಂಡಿತ್ಯದ ಹೆಸರಿನಿಂದ ಬರುವುದಿಲ್ಲ, ಅರಿವು ಮತ್ತು ಪ್ರಾಮಾಣಿಕತೆಗಳಿಂದ ಬರುತ್ತದೆ ಎಂದು ಇಷ್ಟು ಹಿಂದೆಯೇ ಸ್ಪಷ್ಟಪಡಿಸಿದ್ದು ಭಾರತೀಯ ಚಿಂತನೆಯ ದೊಡ್ಡ ನಡೆಗಳಲ್ಲಿ ಒಂದು.

ವಾತ್ಸ್ಯಾಯನ ಆಪ್ತನಿಗೆ ಯಾವ ನಿಲುವೂ ಇರಬಾರದೆಂದು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಇಪ್ಪತ್ತನೆಯ ಶತಮಾನದ ಪತ್ರಿಕೋದ್ಯಮ ವಸ್ತುನಿಷ್ಠತೆಯ ಹೆಸರಿನಲ್ಲಿ ನಿಲುವೇ ಇಲ್ಲದ ವರದಿಗಾರನನ್ನು ಆದರ್ಶವಾಗಿಟ್ಟುಕೊಂಡಿತು. ಅಂಥ ಮನುಷ್ಯ ಎಲ್ಲೂ ಇಲ್ಲವೆಂಬುದು ತಿಳಿದಾಗ ವಸ್ತುನಿಷ್ಠತೆಯೇ ಭ್ರಮೆಯೆಂದು ಕೈಚೆಲ್ಲುವವರೂ ಹುಟ್ಟಿಕೊಂಡರು. ಆಪ್ತನ ಲಕ್ಷಣ ಈ ಎರಡು ಅತಿಗಳನ್ನೂ ದಾಟುತ್ತದೆ. ಅದು ಕೇಳುವುದು ಎರಡೇ: ಹೇಳುವವನಿಗೆ ಗೊತ್ತಿದೆಯೇ, ಗೊತ್ತಿದ್ದ ಹಾಗೆ ಹೇಳುತ್ತಿದ್ದಾನೆಯೇ.

ಮೊದಲನೆಯ ಪ್ರಶ್ನೆಗೆ ಉತ್ತರವಾಗಿಯೇ ವರದಿಯಲ್ಲಿ ಸ್ಥಳನಾಮ, ದಿನಾಂಕ, ಮಾಹಿತಿಯ ಮೂಲ ಇವುಗಳನ್ನು ನಮೂದಿಸುವ ಪದ್ಧತಿ ಬೆಳೆಯಿತು. ಪ್ರಾಭಾಕರ ಮೀಮಾಂಸಕರು ಇಲ್ಲೊಂದು ಸೂಕ್ಷ್ಮವನ್ನು ಗುರುತಿಸಿದ್ದರು. ಮನುಷ್ಯನ ಮಾತಿನಿಂದ ಕೇಳುವವನಿಗೆ ಮೊದಲು ಸಿಗುವುದು ವಸ್ತುವಿನ ಜ್ಞಾನವಲ್ಲ, ಆಡಿದವನಿಗೆ ಅಂಥದೊಂದು ಜ್ಞಾನವಿದೆಯೆಂಬ ಊಹೆ ಎಂದು ಅವರು ವಾದಿಸಿದರು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆಂದು ಪೊಲೀಸರು ತಿಳಿಸಿದ್ದಾರೆ ಎಂಬ ವಾಕ್ಯವನ್ನು ಈ ಬೆಳಕಿನಲ್ಲಿ ನೋಡಿದರೆ, ವರದಿಗಾರ ಸಾಕ್ಷಿಯಾಗಿರುವುದು ಪೊಲೀಸರು ಹೇಳಿದ್ದಕ್ಕೆ ಮಾತ್ರ, ತಪ್ಪೊಪ್ಪಿಗೆಗಲ್ಲ. ವಾಕ್ಯದ ಕೊನೆಯ ಆ ಒಂದು ಕ್ರಿಯಾಪದವನ್ನು ತೆಗೆದುಹಾಕಿದರೆ ಸಾಲು ಚುರುಕಾಗುತ್ತದೆ, ಆದರೆ ಯಾರೋ ಹೇಳಿದ್ದು ನಡೆದದ್ದಾಗಿ ಮಾರ್ಪಟ್ಟು, ಇನ್ನೂ ವಿಚಾರಣೆಯನ್ನೇ ಕಾಣದ ಮನುಷ್ಯನೊಬ್ಬ ಅಪರಾಧಿಯಾಗಿಬಿಡುತ್ತಾನೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ತಲೆಬರಹಕ್ಕೆ ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಆ ಪದಕ್ಕೇ ಎಂಬುದನ್ನು ಉಪಸಂಪಾದಕರು ಸದಾ ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಆರು ಪ್ರಶ್ನೆಗಳ ವಂಶ

ನೇರ ಸುದ್ದಿಯ ರಚನೆಗೆ ತಲೆಕೆಳಗಾದ ಪಿರಮಿಡ್ ಎಂಬ ಹೆಸರು ರೂಢಿಯಲ್ಲಿದೆ. ಘಟನೆಯ ಸಾರವೆಲ್ಲ ಮೊದಲ ಪ್ಯಾರಾದಲ್ಲಿ, ಅಂದರೆ ಪತ್ರಿಕಾ ಕಚೇರಿಗಳಲ್ಲಿ ಲೀಡ್ ಅಥವಾ ಇಂಟ್ರೊ ಎನ್ನುವ ಭಾಗದಲ್ಲಿ ಬರುತ್ತದೆ. ಅನಂತರ ವಿವರಗಳು ಮಹತ್ವ ಇಳಿಯುವ ಕ್ರಮದಲ್ಲಿ ಬಂದು, ಹಿನ್ನೆಲೆ ಕೊನೆಯಲ್ಲಿ ನಿಲ್ಲುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ತಂತಿ ಯಾವಾಗ ಕಡಿದುಹೋಗುವುದೋ ಎಂಬ ಭಯದಿಂದ ವರದಿಗಾರರು ಮುಖ್ಯ ಸಂಗತಿಯನ್ನು ಮೊದಲು ಕಳುಹಿಸತೊಡಗಿದರು ಎಂಬುದು ಈ ರೂಪದ ಹುಟ್ಟಿನ ಬಗ್ಗೆ ಪ್ರಚಲಿತವಾದ ಕಥೆ. ಪತ್ರಿಕಾ ಇತಿಹಾಸಕಾರರು ಇದನ್ನು ಹಾಗೆಯೇ ಒಪ್ಪುವುದಿಲ್ಲ. ಯುದ್ಧಕಾಲದ ಹಲವು ವರದಿಗಳು ಹಳೆಯ ಕಥನಕ್ರಮದಲ್ಲೇ ಇದ್ದವೆಂದೂ, 1865ರಲ್ಲಿ ಲಿಂಕನ್ ಹತ್ಯೆಯ ಬಗ್ಗೆ ಯುದ್ಧಮಂತ್ರಿ ಎಡ್ವಿನ್ ಸ್ಟಾಂಟನ್ ಕಳುಹಿಸಿದ ಅಧಿಕೃತ ತಂತಿಗಳಲ್ಲಿ ಹೊಸ ರೂಪದ ಮಾದರಿ ಕಾಣುತ್ತದೆಂದೂ, ಅದು ಸಾಮಾನ್ಯವಾದದ್ದು ಆ ಶತಮಾನದ ಕೊನೆಯ ದಶಕಗಳಲ್ಲೆಂದೂ ಅವರು ತೋರಿಸಿದ್ದಾರೆ.

ಈ ರೂಪದೊಳಗೆ ತುಂಬುವ ಪ್ರಶ್ನೆಗಳ ವಂಶಾವಳಿ ಮಾತ್ರ ತಂತಿಗಿಂತ ಬಹಳ ಹಳೆಯದು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪತ್ರಿಕೋದ್ಯಮ ತಾನಾಗಿ ಕಂಡುಹಿಡಿದದ್ದಲ್ಲ. ಅರಿಸ್ಟಾಟಲ್ ತನ್ನ ನಿಕೊಮಾಕಿಯನ್ ಎಥಿಕ್ಸ್ ಗ್ರಂಥದ ಮೂರನೆಯ ಪುಸ್ತಕದಲ್ಲಿ, ಮನುಷ್ಯನೊಬ್ಬ ಮಾಡಿದ ಕೆಲಸ ಅವನ ಇಚ್ಛೆಯಿಂದ ನಡೆದದ್ದೇ ಎಂದು ತೀರ್ಮಾನಿಸಲು ಯಾರು, ಏನನ್ನು, ಯಾರ ಮೇಲೆ, ಯಾವುದರಿಂದ, ಯಾವ ಉದ್ದೇಶಕ್ಕೆ, ಹೇಗೆ ಮಾಡಿದ ಎಂಬ ವಿವರಗಳನ್ನು ನೋಡಬೇಕೆಂದು ಹೇಳಿ, ಇವುಗಳ ಅರಿವಿಲ್ಲದೆ ಮಾಡಿದವನು ಕ್ಷಮೆಗೆ, ಕನಿಕರಕ್ಕೆ ಅರ್ಹನೆಂದು ವಿವರಿಸುತ್ತಾನೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹರ್ಮಾಗೊರಾಸ್ ಎಂಬ ಗ್ರೀಕ್ ಆಲಂಕಾರಿಕನ ಹೆಸರಿನಲ್ಲಿ ಉಳಿದುಬಂದಿರುವ ಏಳು ಸಂದರ್ಭಗಳ ಪಟ್ಟಿ ನ್ಯಾಯಾಲಯದ ವಾದಕ್ಕೆ ಬಳಕೆಯಾಯಿತು. ಕ್ರಿ.ಶ. 1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆ, ಪ್ರತಿಯೊಬ್ಬ ಕ್ಯಾಥೊಲಿಕನೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಬೇಕೆಂದು ವಿಧಿಸಿದಾಗ, ಪಾಪಿಯ ಮತ್ತು ಪಾಪದ ಸಂದರ್ಭಗಳನ್ನು ಪಾದ್ರಿ ಎಚ್ಚರದಿಂದ ವಿಚಾರಿಸಬೇಕೆಂದೂ ಹೇಳಿತು; ಅದೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಈ ಸಂದರ್ಭಗಳನ್ನು ತನ್ನ ಸುಮ್ಮಾ ಥಿಯಾಲಜಿಯೇ ಗ್ರಂಥದಲ್ಲಿ ಚರ್ಚಿಸಿದ.

ಈ ಪ್ರಶ್ನೆಗಳು ಧರ್ಮಪೀಠ, ನ್ಯಾಯಪೀಠಗಳಿಂದ ಸುದ್ದಿಮನೆಗೆ ಬಂದಿರುವುದರಿಂದ ಅವುಗಳ ಜೊತೆ ಒಂದು ಭಾರವೂ ಬಂದಿದೆ. ಇವು ಮೂಲದಲ್ಲಿ ಹೊಣೆಯನ್ನು ನಿರ್ಧರಿಸುವ ಪ್ರಶ್ನೆಗಳು. ಒಬ್ಬ ಮನುಷ್ಯನನ್ನು ದೂಷಿಸಬೇಕೇ, ಮನ್ನಿಸಬೇಕೇ ಎಂದು ತೂಗುವುದಕ್ಕಾಗಿ ಕೇಳಿದವು. ಆದ್ದರಿಂದ ಆರರಲ್ಲಿ ನಾಲ್ಕಕ್ಕೆ ಉತ್ತರ ಸಿಕ್ಕ ಕೂಡಲೇ ಅಚ್ಚಿಗೆ ಹೋಗುವ ವರದಿ ಅರಿವಿಲ್ಲದೆಯೇ ಅರ್ಧ ವಿಚಾರಣೆಯ ತೀರ್ಪಾಗುತ್ತದೆ. ಏಕೆ ಎಂಬುದು ಇವುಗಳಲ್ಲಿ ಅತ್ಯಂತ ಕಠಿಣವಾದದ್ದು. ರೈತನೊಬ್ಬ ಪ್ರಾಣ ತೆಗೆದುಕೊಂಡ ದಿನ, ಸ್ಥಳ, ಹೆಸರು ಸಂಜೆಯೊಳಗೆ ಸಿಗುತ್ತವೆ, ಕಾರಣ ಮಾತ್ರ ಸಾಲ, ಬೆಲೆ, ಮಳೆ, ಮನೆ, ಮನಸ್ಸು ಎಂಬ ಹಲವು ಎಳೆಗಳಲ್ಲಿ ಹರಡಿಕೊಂಡಿರುತ್ತದೆ. ನೇರ ಸುದ್ದಿಯ ರಚನೆ ಏಕೆ ಎಂಬುದನ್ನು ಒಂದು ಉಪವಾಕ್ಯದಲ್ಲಿ ಮುಗಿಸಲು ಒತ್ತಾಯಿಸುತ್ತದೆ. ಆ ಒತ್ತಾಯಕ್ಕೆ ಮಣಿಯದೆ, ಕಾರಣ ಇನ್ನೂ ತಿಳಿದಿಲ್ಲವೆಂದು ಬರೆಯುವುದು ಬರವಣಿಗೆಯ ಕೊರತೆಯಲ್ಲ, ಅರಿತಷ್ಟನ್ನೇ ಹೇಳುವ ಆಪ್ತನ ಧರ್ಮ.

ಸಂಜಯನ ವರದಿ

ಫಲವನ್ನು ಮೊದಲು ಹೇಳಿ ವಿವರಕ್ಕೆ ಅನಂತರ ಇಳಿಯುವ ಕ್ರಮವನ್ನು ಭಾರತೀಯ ಧರ್ಮಸಾಹಿತ್ಯದ ಹೃದಯಭಾಗದಲ್ಲೇ ಕಾಣಬಹುದು. ಮಹಾಭಾರತದ ಭೀಷ್ಮಪರ್ವದಲ್ಲಿ ಯುದ್ಧದ ಕಥೆ ಮೊದಲ ದಿನದಿಂದ ಆರಂಭವಾಗುವುದಿಲ್ಲ. ಸಂಜಯ ರಣರಂಗದಿಂದ ಧಾವಿಸಿ ಬಂದು, ಭೀಷ್ಮ ಬಿದ್ದನೆಂಬ ಸುದ್ದಿಯನ್ನು ಧೃತರಾಷ್ಟ್ರನಿಗೆ ನೇರವಾಗಿ ತಿಳಿಸುತ್ತಾನೆ. ಅರಸ ದುಃಖದಿಂದ ತತ್ತರಿಸಿ, ಹೇಗೆ ಬಿದ್ದ, ಯಾರು ಹೊಡೆದರು, ಸುತ್ತ ಯಾರಿದ್ದರು ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಮೇಲೆ ಸಂಜಯ ಮೊದಲಿನಿಂದ ವಿವರಿಸುತ್ತಾ ಹೋಗುತ್ತಾನೆ, ಆ ವಿವರಣೆಯ ಒಳಗೆ ಭಗವದ್ಗೀತೆ ಬರುತ್ತದೆ. ದ್ರೋಣ, ಕರ್ಣ, ಶಲ್ಯ ಪರ್ವಗಳಲ್ಲೂ ಸೇನಾಪತಿಯ ಸಾವಿನ ಸುದ್ದಿ ಮೊದಲು, ಯುದ್ಧದ ವಿವರ ಅನಂತರ.

ಸಂಜಯನ ಮಾತಿಗೆ ಆಧಾರವೇನು ಎಂಬುದನ್ನೂ ಮಹಾಭಾರತ ಮುಚ್ಚಿಡುವುದಿಲ್ಲ. ವ್ಯಾಸರು ಮೊದಲು ದಿವ್ಯದೃಷ್ಟಿಯನ್ನು ಧೃತರಾಷ್ಟ್ರನಿಗೇ ಕೊಡಲು ಮುಂದಾದಾಗ, ಬಂಧುಗಳ ವಧೆಯನ್ನು ನೋಡಲಾರೆ, ಕೇಳಬಲ್ಲೆ ಎಂದು ಅವನು ಹೇಳಿದ್ದರಿಂದ ಆ ದೃಷ್ಟಿ ಸಂಜಯನಿಗೆ ಬರುತ್ತದೆ. ಬಹಿರಂಗವಾದದ್ದು, ರಹಸ್ಯವಾದದ್ದು, ಮನಸ್ಸಿನಲ್ಲಿ ಯೋಚಿಸಿದ್ದು ಕೂಡ ಅವನಿಗೆ ಕಾಣುತ್ತದೆ. ಸೌಪ್ತಿಕಪರ್ವದಲ್ಲಿ ದುರ್ಯೋಧನ ಸತ್ತಾಗ ಆ ದೃಷ್ಟಿ ತನ್ನಿಂದ ಹೋಯಿತೆಂದು ಸಂಜಯನೇ ಹೇಳುತ್ತಾನೆ. ಇನ್ನೊಬ್ಬರ ಮನಸ್ಸಿನೊಳಗಿನ ಮಾತನ್ನು ವರದಿ ಮಾಡುವ ಅಧಿಕಾರಕ್ಕೆ ಮಹಾಕಾವ್ಯವೇ ಒಂದು ವರವನ್ನು, ಆ ವರಕ್ಕೊಂದು ಅವಧಿಯನ್ನು ಇಟ್ಟಿದೆ. ಅಂಥ ವರವಿಲ್ಲದ ವರದಿಗಾರ ಮಂತ್ರಿ ಹೇಳಿದ್ದನ್ನು ಬರೆಯಬಹುದು, ಮಾಡಿದ್ದನ್ನು ಬರೆಯಬಹುದು. ಮಂತ್ರಿ ಒಳಗೊಳಗೇ ಕುದಿಯುತ್ತಿದ್ದರು ಎಂದು ಬರೆದಾಗ ತನಗಿಲ್ಲದ ಕಣ್ಣೊಂದನ್ನು ತಾನೇ ಆರೋಪಿಸಿಕೊಂಡಂತಾಗುತ್ತದೆ.

ಗೀತೆಯ ಕೊನೆಯ ಐದು ಶ್ಲೋಕಗಳು ವರದಿಗಾರಿಕೆಯ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿವೆ. ಸಂಜಯ ಮೊದಲು ತಾನು ಕೇಳಿದ್ದು ಯಾವ ಸಂವಾದವನ್ನು ಎಂದು ಗುರುತಿಸುತ್ತಾನೆ. ಆಮೇಲೆ ಅದು ವ್ಯಾಸರ ಅನುಗ್ರಹದಿಂದ, ಸ್ವತಃ ಕೃಷ್ಣನ ಬಾಯಿಂದಲೇ ತನಗೆ ಕೇಳಿಸಿತೆಂದು ಮೂಲವನ್ನು ಹೇಳುತ್ತಾನೆ. ಅನಂತರ ಅದನ್ನು ನೆನೆದಾಗ ತನಗಾಗುವ ಹರ್ಷವನ್ನು, ವಿಸ್ಮಯವನ್ನು ತನ್ನದೆಂದೇ ಹೇಳಿಕೊಳ್ಳುತ್ತಾನೆ. ಎಲ್ಲಕ್ಕೂ ಕೊನೆಗೆ, ಜಯ ಎಲ್ಲಿರುತ್ತದೆಂಬ ತನ್ನ ತೀರ್ಮಾನವನ್ನು ಮುಂದಿಟ್ಟು, ಇದು ತನ್ನ ಮತವೆಂದು ಸ್ಪಷ್ಟವಾಗಿ ಗುರುತು ಹಾಕುತ್ತಾನೆ. ಸಂಗತಿ, ಮೂಲ, ಭಾವ, ಅಭಿಪ್ರಾಯ ನಾಲ್ಕೂ ಅಲ್ಲಿವೆ, ಒಂದರ ವೇಷದಲ್ಲಿ ಇನ್ನೊಂದು ಬಂದಿಲ್ಲ. ಸಂಜಯ ನಿಲುವಿಲ್ಲದವನೂ ಅಲ್ಲ, ಅಂಜುವವನೂ ಅಲ್ಲ. ಈ ಅನರ್ಥದ ದೋಷವನ್ನು ದುರ್ಯೋಧನನೊಬ್ಬನ ಮೇಲೆ ಹೊರಿಸಬೇಡವೆಂದು ತನ್ನ ಅನ್ನದಾತನಾದ ಅರಸನಿಗೇ ಅವನು ಹೇಳುತ್ತಾನೆ. ಆಳುವವನ ಆಶ್ರಯದಲ್ಲಿದ್ದೂ ಆಳುವವನಿಗೆ ಕಹಿಯಾದದ್ದನ್ನು ಹೇಳಬಲ್ಲ, ಹೇಳುವಾಗ ಸಂಗತಿಯನ್ನು ತನ್ನ ಅಭಿಪ್ರಾಯಕ್ಕೆ ತಕ್ಕಂತೆ ಬಗ್ಗಿಸದ ಆಪ್ತನ ಚಿತ್ರ ಇಲ್ಲಿ ಪೂರ್ಣವಾಗಿದೆ.

ಇದಕ್ಕೆ ಎದುರಾಗಿ ದ್ರೋಣಪರ್ವದಲ್ಲಿ ಇನ್ನೊಂದು ಬಗೆಯ ಸುದ್ದಿಯಿದೆ. ಅಶ್ವತ್ಥಾಮ ಹತನಾದನೆಂದು ಯುಧಿಷ್ಠಿರ ದ್ರೋಣನಿಗೆ ಕೇಳಿಸುವಂತೆ ಹೇಳಿ, ಅದು ಆನೆಯೆಂಬ ಭಾಗವನ್ನು ಅಸ್ಪಷ್ಟವಾಗಿ ಉಚ್ಚರಿಸಿದ ಪ್ರಸಂಗದಲ್ಲಿ ಒಂದೂ ಸುಳ್ಳು ಪದವಿಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದು ಮಹಾಭಾರತ ಹೇಳುತ್ತದೆ. ತಪ್ಪಿದ್ದದ್ದು ಜೋಡಣೆಯಲ್ಲಿ: ಕೇಳುಗನನ್ನು ಕೊಲ್ಲುವ ಭಾಗ ಎತ್ತರದ ದನಿಯಲ್ಲಿ, ಅವನನ್ನು ಉಳಿಸಬಹುದಾಗಿದ್ದ ಭಾಗ ತಗ್ಗಿದ ದನಿಯಲ್ಲಿ. ಆರೋಪವನ್ನು ತಲೆಬರಹದಲ್ಲಿಟ್ಟು ನಿರಾಕರಣೆಯನ್ನು ಹತ್ತನೆಯ ಪ್ಯಾರಾಕ್ಕೆ ತಳ್ಳುವ ವರದಿಯ ನೈತಿಕ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಓದುಗರಲ್ಲಿ ಅನೇಕರು ಮೊದಲ ಪ್ಯಾರಾದ ಆಚೆಗೆ ಹೋಗುವುದಿಲ್ಲವೆಂದು ತಿಳಿದೇ ರೂಪಿಸಿದ ರಚನೆಯಲ್ಲಿ, ಯಾವುದನ್ನು ಕೆಳಗಿಡಬೇಕೆಂಬ ನಿರ್ಧಾರ ಸತ್ಯ ಮತ್ತು ಸುಳ್ಳಿನ ನಿರ್ಧಾರವೇ ಆಗಿರುತ್ತದೆ.

ವಿಧಿ, ಅರ್ಥವಾದ ಮತ್ತು ಪ್ರಕಾರಗಳ ಗಡಿ

ವಾಕ್ಯಗಳನ್ನು ಅವು ಮಾಡುವ ಕೆಲಸದ ಆಧಾರದ ಮೇಲೆ ವಿಂಗಡಿಸಿದ ಶಾಸ್ತ್ರವೆಂದರೆ ಪೂರ್ವಮೀಮಾಂಸೆ. ವೇದವಾಕ್ಯಗಳಲ್ಲಿ ಇದನ್ನು ಮಾಡಬೇಕೆಂದು ವಿಧಿಸುವುದು ವಿಧಿ. ಆ ವಿಧಿಯತ್ತ ಮನಸ್ಸನ್ನು ಒಲಿಸಲು ಹೊಗಳುವುದು, ನಿಷೇಧಿಸಿದ್ದರಿಂದ ದೂರ ಸರಿಸಲು ತೆಗಳುವುದು ಅರ್ಥವಾದ. ಬೇರೆಡೆಯಿಂದ ಈಗಾಗಲೇ ತಿಳಿದದ್ದನ್ನು ಸಂಬಂಧ ಕಲ್ಪಿಸುವುದಕ್ಕಾಗಿ ಮತ್ತೆ ಹೇಳುವುದು ಅನುವಾದ. ಈ ಭೇದವನ್ನು ಮರೆತು ಅರ್ಥವಾದವನ್ನು ವಿಧಿಯೆಂದೋ ಅನುವಾದವನ್ನು ಹೊಸ ಸಂಗತಿಯೆಂದೋ ಓದಿದವನು ಇಡೀ ಪ್ರಕರಣವನ್ನೇ ತಪ್ಪು ತಿಳಿಯುತ್ತಾನೆ ಎಂಬುದು ಮೀಮಾಂಸಕರ ಎಚ್ಚರಿಕೆ. ಮೊದಲು ತಿಳಿಯದಿದ್ದದ್ದನ್ನು ತಿಳಿಸಿದರೆ ಮಾತ್ರ ಅದು ಪ್ರಮಾಣ ಎಂಬ ಅವರ ನಿಬಂಧನೆಯೂ ಸುದ್ದಿಯ ಸ್ವರೂಪಕ್ಕೆ ಹತ್ತಿರವಾದದ್ದು.

ಪತ್ರಿಕೆಯ ಪುಟಕ್ಕೆ ಈ ವಿಂಗಡಣೆ ಉಪಯುಕ್ತವಾದ ಅಳತೆಗೋಲಾಗುತ್ತದೆ. ವರದಿಯ ಮೊದಲ ಪ್ಯಾರಾ ಅದುವರೆಗೆ ತಿಳಿಯದಿದ್ದದ್ದನ್ನು ಹೇಳುತ್ತದೆ. ಹಿನ್ನೆಲೆಯ ಪ್ಯಾರಾ ತಿಳಿದದ್ದನ್ನು ನೆನಪಿಸುತ್ತದೆ. ನುಡಿಚಿತ್ರವು ಬರೆಯುವವನ ಕಣ್ಣು ಕಿವಿಗಳಿಗೆ ಹೆಚ್ಚು ಜಾಗ ಕೊಟ್ಟು ಬದುಕಿನ ಒಂದು ಭಾಗವನ್ನು ಹತ್ತಿರದಿಂದ ತೋರಿಸುತ್ತದೆ. ಸಂದರ್ಶನದಲ್ಲಿ ಸಂಗತಿಯ ಹೊಣೆ ಉತ್ತರ ಕೊಟ್ಟವನದು, ಪ್ರಶ್ನೆಗಳ ಹೊಣೆ ಕೇಳಿದವನದು. ವಿಶ್ಲೇಷಣೆಯು ಸಂಗತಿಗಳಿಂದ ತರ್ಕಿಸುತ್ತದೆ, ಆದ್ದರಿಂದ ಅದರ ಬಲ ಅನುಮಾನದ ಬಲ. ಸಂಪಾದಕೀಯದಲ್ಲಿ ವಿಧಿ ಮತ್ತು ಅರ್ಥವಾದಗಳೆರಡೂ ಬಹಿರಂಗವಾಗಿಯೇ ಇರುತ್ತವೆ: ಸರ್ಕಾರ ಹೀಗೆ ಮಾಡಬೇಕು, ಇದು ಶ್ಲಾಘನೀಯ, ಅದು ಖಂಡನೀಯ. ವಾಚಕರ ವಾಣಿ ಈ ಎಲ್ಲದಕ್ಕೂ ಬರುವ ಪ್ರತ್ಯುತ್ತರದ ಜಾಗ. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದ ಕಾಲಕ್ಕೆ ಈ ಗಡಿಗಳು ಇಷ್ಟು ಗಟ್ಟಿಯಾಗಿರಲಿಲ್ಲ. ಸುದ್ದಿ, ನೀತಿ, ಕಥೆಗಳು ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಅಭಿಪ್ರಾಯಕ್ಕೆ ಸ್ವಾತಂತ್ರ್ಯವಿದೆ, ಸಂಗತಿ ಮಾತ್ರ ಪವಿತ್ರ ಎಂಬ ಅರ್ಥದ ಮಾತನ್ನು ಮ್ಯಾಂಚೆಸ್ಟರ್ ಗಾರ್ಡಿಯನ್‌ನ ಸಂಪಾದಕ ಸಿ.ಪಿ. ಸ್ಕಾಟ್ 1921ರಲ್ಲಿ ಬರೆದ ಹೊತ್ತಿಗೆ ಆ ಗಡಿ ಕಸುಬಿನ ಮುಖ್ಯ ಧರ್ಮವಾಗಿ ಬೆಳೆದಿತ್ತು.

ಮೀಮಾಂಸೆಯ ಇನ್ನೊಂದು ಒಳನೋಟ ಇಲ್ಲಿ ಇನ್ನೂ ಹೆಚ್ಚು ಬೆಲೆಯುಳ್ಳದ್ದು. ಅರ್ಥವಾದ ಎಂದೂ ತನಗಾಗಿ ಇರುವುದಿಲ್ಲ, ಯಾವುದಾದರೂ ವಿಧಿಯ ಸೇವೆಗೇ ಇರುತ್ತದೆ; ಹೊಗಳಿಕೆ ಕಂಡಲ್ಲಿ ಅದು ಯಾವ ವಿಧಿಗೆ ಸೇರಿದ್ದೆಂದು ಹುಡುಕಬೇಕು ಎಂಬುದು ಆ ಶಾಸ್ತ್ರದ ಕ್ರಮ. ಐತಿಹಾಸಿಕ, ದಿಟ್ಟ, ಆಘಾತಕಾರಿ, ನಾಚಿಕೆಗೇಡಿನ ಎಂಬ ವಿಶೇಷಣಗಳು ನೇರ ಸುದ್ದಿಯೊಳಗೆ ಕಾಣಿಸಿಕೊಂಡಾಗ ಓದುಗ ಕೇಳಬೇಕಾದ ಪ್ರಶ್ನೆಯೂ ಇದೇ. ಆ ವರದಿಯಲ್ಲಿ ಹೀಗೆ ಮಾಡಿ ಎಂಬ ಮಾತು ಎಲ್ಲೂ ಅಚ್ಚಾಗಿರುವುದಿಲ್ಲ, ಆದರೆ ಅಚ್ಚಾಗದ ವಿಧಿಯೊಂದು ಅದರ ಹಿಂದೆ ಇರುತ್ತದೆ: ಇವರಿಗೆ ಮತ ಕೊಡಿ, ಇವರನ್ನು ದ್ವೇಷಿಸಿ, ಇದನ್ನು ಕೊಳ್ಳಿ. ಇದರ ಅತ್ಯಂತ ಹೀನ ರೂಪವೇ ಕಾಸಿಗಾಗಿ ಸುದ್ದಿ. 2009ರ ಲೋಕಸಭಾ ಚುನಾವಣೆಯ ಬಳಿಕ ಈ ಪಿಡುಗಿನ ಬಗ್ಗೆ ದೂರುಗಳೆದ್ದು, ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿಯೊಂದನ್ನು ಹೊರತಂದಿತು. ಜಾಹೀರಾತನ್ನು ಜಾಹೀರಾತೆಂದು ಅಚ್ಚುಹಾಕಿದರೆ ಅಲ್ಲಿನ ಹೊಗಳಿಕೆಯಿಂದ ಯಾರಿಗೂ ಮೋಸವಾಗುವುದಿಲ್ಲ. ಅದೇ ಹೊಗಳಿಕೆಗೆ ವರದಿಯ ಅಂಗಿ ತೊಡಿಸಿದಾಗ, ಒಳಗಿನ ಅಂಕಿಅಂಶಗಳೆಲ್ಲ ಸರಿಯಿದ್ದರೂ, ಪ್ರಕಾರವೇ ಸುಳ್ಳು ಹೇಳಿದಂತಾಗುತ್ತದೆ.

ಪತ್ರಿಕೆ ಮತ್ತು ಮೀಮಾಂಸೆ ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ಕೂಡಿಬಂದ ಉದಾಹರಣೆಯೂ ಭಾರತದ ಇತಿಹಾಸದಲ್ಲಿದೆ. ಕೇಸರಿ ಪತ್ರಿಕೆಯ ಸಂಪಾದಕರಾಗಿದ್ದ ಬಾಲಗಂಗಾಧರ ತಿಲಕರು 1908ರಲ್ಲಿ ಅದರಲ್ಲಿನ ಲೇಖನಗಳಿಗಾಗಿ ರಾಜದ್ರೋಹದ ಆರೋಪ ಹೊತ್ತು ಆರು ವರ್ಷಗಳ ಶಿಕ್ಷೆಗೆ ಗುರಿಯಾದರು. ಮಂಡಾಲೆಯ ಸೆರೆಯಲ್ಲಿ ಅವರು ಬರೆದು 1915ರಲ್ಲಿ ಪ್ರಕಟವಾದ, ಆಲೂರ ವೆಂಕಟರಾಯರಿಂದ ಕನ್ನಡಕ್ಕೂ ಬಂದ ಗೀತಾರಹಸ್ಯದಲ್ಲಿ, ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸುವ ಮೀಮಾಂಸಕರ ಗುರುತುಗಳನ್ನೇ ಗೀತೆಗೆ ಅನ್ವಯಿಸಿದರು: ಆರಂಭ ಮತ್ತು ಮುಕ್ತಾಯ, ಮತ್ತೆ ಮತ್ತೆ ಹೇಳಿದ್ದು, ಹೊಸತಾಗಿ ಹೇಳಿದ್ದು, ಫಲ, ಹೊಗಳಿಕೆ ತೆಗಳಿಕೆ, ಸಮರ್ಥನೆಯ ಯುಕ್ತಿ. ಇದೇ ಗುರುತುಗಳನ್ನು ಸುದ್ದಿಗೂ ಹಚ್ಚಿ ನೋಡಬಹುದು. ತಲೆಕೆಳಗಾದ ಪಿರಮಿಡ್‌ಗೆ ಮುಕ್ತಾಯವೆಂಬುದೇ ಇಲ್ಲ. ಜಾಗ ಸಾಲದಿದ್ದರೆ ಅದರ ಕೊನೆಯ ಪ್ಯಾರಾಗಳು ಕತ್ತರಿಗೆ ಸಿಗುತ್ತವೆ. ಹೀಗಾಗಿ ವರದಿಯ ತಾತ್ಪರ್ಯವೆಲ್ಲ ಆರಂಭದ ಮೇಲೆ ಬೀಳುತ್ತದೆ. ಎಚ್ಚರದ ಓದುಗ ಆರಂಭಕ್ಕೆ ಮರುಳಾಗದೆ ಉಳಿದ ಗುರುತುಗಳನ್ನು ಹುಡುಕಬೇಕು: ನಿಜವಾಗಿ ಹೊಸದೇನು, ಪದೇಪದೇ ಬರುವ ಪದ ಯಾವುದು, ಇದರಿಂದ ಯಾರಿಗೆ ಫಲ, ದಾಖಲೆ ಮತ್ತು ಸಾಕ್ಷಿಯ ರೂಪದ ಯುಕ್ತಿ ಎಲ್ಲಿದೆ.

ಕೋನ ಮತ್ತು ದುರ್ನಯ

ಸಂಗತಿ ಮತ್ತು ಅಭಿಪ್ರಾಯಗಳ ಗಡಿಯೇ ಹುಸಿ, ಏಕೆಂದರೆ ಯಾವ ಸಂಗತಿಯನ್ನು ಆರಿಸಬೇಕೆಂಬುದೂ ಅಭಿಪ್ರಾಯವೇ ಎಂಬ ಆಕ್ಷೇಪ ಗಂಭೀರವಾದದ್ದು. ಜೈನ ತರ್ಕಶಾಸ್ತ್ರ ಇದಕ್ಕೆ ನೆರವಾಗುವ ಭೇದವೊಂದನ್ನು ಕೊಡುತ್ತದೆ. ವಸ್ತುವಿಗೆ ಅನೇಕ ಮುಖಗಳಿರುವುದರಿಂದ ಒಂದು ಮುಖವನ್ನು ಹಿಡಿದು ಹೇಳುವುದು ನಯ. ಅದು ಅಪೂರ್ಣವಾದರೂ ಸುಳ್ಳಲ್ಲ. ಆ ಒಂದು ಮುಖವೇ ಪೂರ್ಣವೆಂದು ಹಟಹಿಡಿದು ಉಳಿದವನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಪ್ರತಿಯೊಂದು ವರದಿಗೂ ಒಂದು ಕೋನವಿರುವುದು ದೋಷವಲ್ಲ. ಅಣೆಕಟ್ಟೆಯ ಸುದ್ದಿಯನ್ನು ನೀರು ಪಡೆಯುವ ರೈತನ ಕಡೆಯಿಂದಲೂ ಮುಳುಗುವ ಊರಿನವನ ಕಡೆಯಿಂದಲೂ ಬರೆಯಬಹುದು. ಒಂದು ಕಡೆಯಿಂದ ಬರೆದು, ಇನ್ನೊಂದು ಕಡೆ ಇದೆಯೆಂಬ ಸುಳಿವನ್ನೂ ಅಳಿಸಿಹಾಕುವುದು ದೋಷ.

ಶ್ರವಣಬೆಳಗೊಳದ ಶಾಸನಗಳು ಗೌರವದಿಂದ ಸ್ಮರಿಸುವ ಜೈನಾಚಾರ್ಯ ಸಮಂತಭದ್ರ, ಆಪ್ತನಾರೆಂಬ ವಿಚಾರಕ್ಕೇ ಮೀಸಲಾದ ಆಪ್ತಮೀಮಾಂಸೆ ಎಂಬ ಗ್ರಂಥವನ್ನು ರಚಿಸಿದ. ದೇವತೆಗಳ ಆಗಮನ, ಆಕಾಶಗಮನ, ಚಾಮರದಂಥ ವೈಭವಗಳು ಮಾಯಾವಿಗಳಲ್ಲೂ ಕಾಣುವುದರಿಂದ ಅವುಗಳಿಂದಾಗಿ ಜಿನನನ್ನು ದೊಡ್ಡವನೆಂದು ಒಪ್ಪಲಾಗದು ಎಂಬ ಆಶಯದೊಡನೆ ಆ ಗ್ರಂಥ ತೊಡಗುತ್ತದೆ. ಯುಕ್ತಿಗೆ ವಿರೋಧವಿಲ್ಲದ ಮಾತೇ ಆಪ್ತತೆಯ ಗುರುತೆಂದು ಮುಂದೆ ವಾದಿಸುತ್ತದೆ. ಭಕ್ತನೊಬ್ಬ ತನ್ನ ಆರಾಧ್ಯನಿಗೇ ಇಷ್ಟು ನೇರವಾದ ಪರೀಕ್ಷೆ ಇಟ್ಟಿರುವಾಗ, ಪ್ರಸಾರಸಂಖ್ಯೆ, ಪರದೆಯ ಥಳಕು, ನಿರೂಪಕನ ಗಟ್ಟಿ ದನಿ ಇವುಗಳನ್ನು ಆಪ್ತತೆಯೆಂದು ತಿಳಿಯುವ ಓದುಗ ಮತ್ತು ನೋಡುಗ ತನ್ನ ಪರಂಪರೆಗಿಂತ ಕೆಳಗಿಳಿದಂತೆ.

ಹೇಳಬಾರದ ನಿಜ

ಅರಿತದ್ದನ್ನೆಲ್ಲ ಅರಿತ ಹಾಗೆ ಹೇಳಿಬಿಡುವುದೇ ಧರ್ಮವಾದರೆ ಕರ್ಣಪರ್ವದ ಕೌಶಿಕನ ಕಥೆಗೆ ಅರ್ಥವಿರುತ್ತಿರಲಿಲ್ಲ. ಸತ್ಯವನ್ನೇ ನುಡಿಯುವ ವ್ರತ ಹಿಡಿದಿದ್ದ ಆ ತಪಸ್ವಿ, ಪ್ರಾಣಭಯದಿಂದ ಕಾಡು ಹೊಕ್ಕವರ ದಾರಿಯನ್ನು ಬೆನ್ನಟ್ಟಿ ಬಂದ ದರೋಡೆಕೋರರಿಗೆ ತೋರಿಸಿ, ಅವರ ಸಾವಿಗೆ ಕಾರಣನಾಗಿ, ಆ ಸತ್ಯದಿಂದಲೇ ನರಕಕ್ಕೆ ಹೋದನೆಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತನ್ನು ಪ್ರಕಟಿಸುವುದನ್ನು ಭಾರತೀಯ ದಂಡ ಸಂಹಿತೆಯ 228ಎ ಸೆಕ್ಷನ್ ನಿಷೇಧಿಸಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 72ನೆಯ ಸೆಕ್ಷನ್ ನಿಷೇಧಿಸುತ್ತದೆ. ಯಾರು ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಡದಿರುವುದೇ ಇಲ್ಲಿ ವರದಿಯ ಧರ್ಮ. ಪ್ರಾಣಕ್ಕೋ ಬದುಕಿಗೋ ಅಪಾಯವಿರುವ ಮೂಲದ ಹೆಸರನ್ನು ಗುಟ್ಟಾಗಿಡುವುದೂ ಇದೇ ಬಗೆಯದು. ಆದರೆ ಮೂಲ ಮರೆಯಾದಾಗ ಆಪ್ತನಾಗುವ ಹೊಣೆ ಪೂರ್ತಿಯಾಗಿ ಪತ್ರಿಕೆಯ ಮೇಲೆ ಬರುತ್ತದೆ. ಬಲ್ಲ ಮೂಲಗಳು ತಿಳಿಸಿವೆ ಎಂಬ ವಾಕ್ಯವನ್ನು ದುರ್ಬಲರ ರಕ್ಷಣೆಗೆ ಬಳಸಿದರೆ ಅದು ಕರುಣೆ, ಬಲಾಢ್ಯರ ಚಾಡಿಗೆ ಬಳಸಿದರೆ ಅದು ವಂಚನೆ.

ಕೊನೆಗೆ ಉಳಿಯುವ ಪ್ರಶ್ನೆ, ಎಲ್ಲ ಎಚ್ಚರದ ನಂತರವೂ ವರದಿ ತಪ್ಪಾಗಬಹುದಾದ್ದರಿಂದ, ಓದುಗ ನಂಬುವುದಾದರೂ ಹೇಗೆ ಎಂಬುದು. ಜ್ಞಾನದ ಪ್ರಾಮಾಣ್ಯವನ್ನು ಬೇರೆ ಆಧಾರಗಳಿಂದ ಸ್ಥಾಪಿಸಿಕೊಳ್ಳಬೇಕೆಂದು ನೈಯಾಯಿಕರು ಹೇಳಿದರೆ, ಜ್ಞಾನವು ಹುಟ್ಟಿದಾಗಲೇ ತಾನಾಗಿ ಪ್ರಮಾಣ, ಅದನ್ನು ಅಲ್ಲಗಳೆಯುವ ಬಾಧಕಜ್ಞಾನ ಬಂದಾಗ ಅಥವಾ ಅದರ ಕಾರಣದಲ್ಲಿ ದೋಷ ಕಂಡಾಗ ಮಾತ್ರ ಬಿದ್ದುಹೋಗುತ್ತದೆ ಎಂದು ಕುಮಾರಿಲ ಭಟ್ಟ ವಾದಿಸಿದ. ನಿತ್ಯದ ಓದು ನಡೆಯುವುದು ಕುಮಾರಿಲನ ರೀತಿಯಲ್ಲಿ: ಓದುಗ ಪ್ರತಿಯೊಂದು ಸಾಲನ್ನೂ ಪರೀಕ್ಷಿಸಿ ನಂಬುವುದಿಲ್ಲ, ನಂಬಿ ಓದುತ್ತಾನೆ, ಬಾಧಕ ಬಂದರೆ ಬಿಡುತ್ತಾನೆ. ಸುದ್ದಿಮನೆಯ ಕೆಲಸ ನೈಯಾಯಿಕನ ರೀತಿಯಲ್ಲಿ ನಡೆಯಬೇಕು: ಅಚ್ಚಿಗೆ ಮೊದಲು ಪ್ರತಿಯೊಂದು ಸಂಗತಿಯೂ ಇನ್ನೊಂದು ಆಧಾರದಿಂದ ಗಟ್ಟಿಯಾಗಬೇಕು. ಓದುಗನ ಸಹಜವಾದ ನಂಬಿಕೆ ಹುಂಬತನವಾಗದಿರಲು ಬಾಧಕಜ್ಞಾನ ಅವನನ್ನು ತಲುಪುವ ದಾರಿ ತೆರೆದಿರಬೇಕು. ತಪ್ಪು ವರದಿಯ ತಿದ್ದುಪಡಿಯನ್ನು ಆ ವರದಿ ಬಂದಷ್ಟೇ ಎದ್ದುಕಾಣುವ ಜಾಗದಲ್ಲಿ ಪ್ರಕಟಿಸುವುದು ಈ ಕಾರಣಕ್ಕೆ ಶಿಷ್ಟಾಚಾರದ ಮಾತಲ್ಲ, ಓದುಗನು ನಾಳೆಯೂ ಕಾಣದ್ದನ್ನು ನಂಬುವುದಕ್ಕೆ ಇರುವ ಹಕ್ಕಿನ ಬುಡ. ಮೂಲವನ್ನು ಹೇಳುವ ವರದಿ, ತನ್ನ ಮತವನ್ನು ಮತವೆಂದು ಗುರುತಿಸುವ ಸಂಪಾದಕೀಯ, ತಪ್ಪನ್ನು ಮುಚ್ಚಿಡದ ಪತ್ರಿಕೆ ಇವು ಕೂಡಿದಲ್ಲಿ ಶಬ್ದ ಪ್ರಮಾಣವಾಗುತ್ತದೆ. ಇವುಗಳಲ್ಲಿ ಯಾವುದೊಂದು ಕಳಚಿದರೂ ಓದುಗನ ಕೈಯಲ್ಲಿ ಉಳಿಯುವುದು ಬರಿಯ ಸದ್ದು, ಅದರ ಮೇಲೆ ಯಾವ ಪ್ರಜೆಯೂ ತನ್ನ ತೀರ್ಮಾನವನ್ನು ಕಟ್ಟಲಾರ.